ವಿಷಯ: ವರ್ಗಾವಣೆ ರದ್ದುಪಡಿಸುವ ಬಗ್ಗೆ

ನಮ್ಮ ಇಲಾಖೆಯಲ್ಲಿ ವರ್ಗಾವಣೆ ಎಂಬುದು ಎರಡು ಬಗೆಯದು. ಒಂದು ಮನುಷ್ಯರದು, ಇನ್ನೊಂದು ಪರವಾನಗಿಗಳದು. ಮನುಷ್ಯರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗಾಯಿಸುವುದು ಮೇಲಿನ ಮಹಡಿಯ ಸಿಬ್ಬಂದಿ ವಿಭಾಗದ ಕೆಲಸ. ಎಣ್ಣೆಬಾವಿಗಳ ಪರವಾನಗಿಯನ್ನು ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ವರ್ಗಾಯಿಸುವುದು ಕೆಳಗಿನ ಮಹಡಿಯ ಪರವಾನಗಿ ವಿಭಾಗದ ಕೆಲಸ. ಎರಡಕ್ಕೂ ಟಪಾಲು ಕಿಟಕಿ ಒಂದೇ. ಈ ವ್ಯವಸ್ಥೆಯಿಂದ ಯಾರಿಗಾದರೂ ತೊಂದರೆಯಾದ ಬಗ್ಗೆ ದಾಖಲೆ ಇಲ್ಲ. ಇದ್ದರೂ ಅದು ಇನ್ನೊಂದು ವಿಭಾಗಕ್ಕೆ ಹೋಗಿರಬೇಕು.

ನಾನು ಪರವಾನಗಿ ವಿಭಾಗದ ಪ್ರಕಟಣೆ ಬರಹಗಾರ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುವ ಕಾಗದವನ್ನು ನೀವು ನಮ್ಮ ಊರಿನ ಯಾವ ಗೋಡೆಯ ಮೇಲೆ ಕಂಡಿದ್ದರೂ ಅದು ನನ್ನದೇ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಬರೆದ ಮೊದಲ ಕಾಗದವನ್ನೂ ನಾನು ಹಾಗೆಯೇ ಶುರುಮಾಡಿದ್ದೆ. ಆಕೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಲಿಲ್ಲವಾದ್ದರಿಂದ ಸಂಸಾರ ಸುಸೂತ್ರವಾಗಿ ನಡೆದುಕೊಂಡು ಬಂದಿದೆ.

ನಮ್ಮ ಕಚೇರಿಯ ಹಿಂಬದಿಯ ಬೀದಿಯಲ್ಲಿ ಒಂದು ಎಣ್ಣೆಬಾವಿ ಇದೆ. ಹಿಂದೆ ಅದರಿಂದ ಎಣ್ಣೆ ಬರುತ್ತಿತ್ತು, ಆಗ ದೊಡ್ಡ ಕಂಪನಿಯವರು ಹಗಲೂ ರಾತ್ರಿ ಅಲ್ಲೇ ಇರುತ್ತಿದ್ದರು. ಎಣ್ಣೆ ಮುಗಿದ ಮೇಲೆ ಅವರು ಬರುವುದು ನಿಂತಿತು, ಬಾವಿ ಮಾತ್ರ ಸೋರುವುದನ್ನು ನಿಲ್ಲಿಸಲಿಲ್ಲ. ಈಗ ಅಲ್ಲಿರುವುದು ತುಕ್ಕು ಹಿಡಿದ ಒಂದು ಕೊಳವೆ. ಅದರ ಬಾಯಿಗೆ ಒಂದು ಮರದ ಬಿರಡೆ ಜಡಿದು, ಬಿರಡೆಯ ಸುತ್ತ ಗೋಣಿಚಿಂದಿ ಸುತ್ತಿದ್ದಾರೆ. ಸೋರಿದ್ದು ನೆಲದೊಳಗೆ ಇಳಿದು, ಬೀದಿಯವರು ಬಳಸುವ ನೀರಿಗೆ ಸೇರುತ್ತದೆ. ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ನೀರಿನ ಮೇಲೆ ಕಾಮನಬಿಲ್ಲು ಕಾಣುತ್ತದೆ. ಇದನ್ನು ನೋಡಲು ಹೊರಗಿನಿಂದ ಯಾರೂ ಬರುವುದಿಲ್ಲ.

ಆ ಬಾವಿಯ ಪಕ್ಕದಲ್ಲೇ ನಮ್ಮ ಅಕ್ಕನ ಲಾಂಡ್ರಿ. "ಬಿಳಿ ಬಟ್ಟೆಯೇ ನಮ್ಮ ಹೆಸರು" ಎಂದು ಬೋರ್ಡು ಹಾಕಿಸಿದ್ದಾಳೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನವರ ಮೇಜಿನ ಬಟ್ಟೆ, ಶಾಲೆಯ ಮಕ್ಕಳ ಸಮವಸ್ತ್ರ, ಎಲ್ಲ ಅವಳ ಕೈಯಲ್ಲೇ ಬೆಳ್ಳಗಾಗಬೇಕಿತ್ತು. ಬಾವಿ ಸೋರಲು ಶುರುವಾದ ಮೇಲೆ ಒಗೆದಷ್ಟೂ ಬಟ್ಟೆ ಹಳದಿಯಾಗತೊಡಗಿತು. ಆಸ್ಪತ್ರೆಯವರು ಹಾಸಿಗೆ ಬಟ್ಟೆಗಳನ್ನು ಹಿಂದಕ್ಕೆ ಕಳಿಸಿ, "ರೋಗಿಗಳಿಗೆ ಕಾಮಾಲೆಯೋ ಹಾಸಿಗೆಗೆ ಕಾಮಾಲೆಯೋ ನಮಗೇ ತಿಳಿಯುತ್ತಿಲ್ಲ" ಎಂದು ಚೀಟಿ ಇಟ್ಟರು. ಅಕ್ಕ ನಮ್ಮ ಇಲಾಖೆಗೆ ದೂರಿನ ಮೇಲೆ ದೂರು ಕೊಟ್ಟಳು. ಅಕ್ಕನ ಮೊಮ್ಮಗಳು ಪುಟ್ಟಿಗೆ ಅದೇ ನೀರಿನಲ್ಲಿ ಸ್ನಾನ ಮಾಡಿ ಮಾಡಿ ಮೊಣಕೈ ಸಂದಿಯಲ್ಲಿ ಕೆಂಪು ಗಂದೆ ಎದ್ದಿತ್ತು. ಅದನ್ನು ನೋಡಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸಂಕಟವನ್ನು ಸ್ವೀಕರಿಸುವ ವಿಭಾಗ ನಮ್ಮಲ್ಲಿಲ್ಲ.

ನಿಯಮ ಸ್ಪಷ್ಟವಾಗಿಯೇ ಇದೆ. ಎಣ್ಣೆ ಮುಗಿದ ಬಾವಿಯನ್ನು ಅದರ ಪರವಾನಗಿದಾರನೇ ಸಿಮೆಂಟು ತುಂಬಿ ಮುಚ್ಚತಕ್ಕದ್ದು. ಈ ನಿಯಮವನ್ನು ದೊಡ್ಡ ಕಂಪನಿಯವರು ಬಹಳ ಗೌರವಿಸುತ್ತಾರೆ. ಆದ್ದರಿಂದಲೇ ಅವರು ಪರವಾನಗಿಯನ್ನು ಬೇರೆಯವರಿಗೆ ವರ್ಗಾಯಿಸಲು ಅರ್ಜಿ ಹಾಕಿದರು. ಪಡೆಯಲಿದ್ದ ಕಂಪನಿ ಹೊಸತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅದರ ಪ್ರಧಾನ ಕಚೇರಿ, ಕೋಣೆಯಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ದೊಡ್ಡ ಕಂಪನಿಯ ಮ್ಯಾನೇಜರರ ಭಾವಮೈದ. ಬೀದಿಯವರು ಅದನ್ನು ಕುರ್ಚಿ ಕಂಪನಿ ಎಂದು ಕರೆದರು. ಆ ಕಂಪನಿಗೆ ಸಿಮೆಂಟು ಹೋಗಲಿ, ಇನ್ನೊಂದು ಕುರ್ಚಿ ಕೊಳ್ಳುವ ಶಕ್ತಿಯೂ ಇರಲಿಲ್ಲ. ಪರವಾನಗಿ ಅಲ್ಲಿಗೆ ಹೋಯಿತೆಂದರೆ ಬಾವಿ ಮುಚ್ಚುವವರು ಯಾರೂ ಇಲ್ಲವೆಂದೇ ಅರ್ಥ. ದೊಡ್ಡ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಅದೂ ಅಕ್ಕನ ಬೀದಿಯ ನೀರಿನಲ್ಲಲ್ಲ.

ಎಂದಿನಂತೆ ನಾನೇ ಪ್ರಕಟಣೆ ಬರೆದೆ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ವರ್ಗಾವಣೆಗೆ ಆಕ್ಷೇಪಣೆ ಇರುವವರು ನಮೂನೆಯಲ್ಲಿ ಸಲ್ಲಿಸತಕ್ಕದ್ದು. ನಮೂನೆಯಲ್ಲಿ ವಿಷಯದ ಸಾಲು ಮೂರು ಪದಗಳನ್ನು ಮೀರತಕ್ಕದ್ದಲ್ಲ. 'ಬಗ್ಗೆ' ಎಂಬುದನ್ನೂ ಒಂದು ಪದವೆಂದು ಪರಿಗಣಿಸಲಾಗುವುದು." ಓದಿದರೆ ಈಗಲೂ ನನಗೆ ಹೆಮ್ಮೆಯಾಗುತ್ತದೆ. ಒಂದು ಅಲ್ಪವಿರಾಮ ಕೂಡ ಅತ್ತಿತ್ತ ಇಲ್ಲ.

ಇದೇ ಸಮಯಕ್ಕೆ ಇಲಾಖೆಯಲ್ಲಿ ಇನ್ನೊಂದು ವರ್ಗಾವಣೆಯೂ ನಡೆದಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ಮುಖ್ಯಾಧಿಕಾರಿಗಳದು. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರಿಂದ ಅವರಿಗೆ ನೋಡೋಣ ಸಾಹೇಬರು ಎಂದೇ ಹೆಸರು. ಅವರು ಸದಾ ಬಿಳಿ ಶರ್ಟು ಹಾಕುತ್ತಿದ್ದರು, ಮೇಜಿನ ಖಾನೆಯನ್ನು ಸ್ವಲ್ಪ ತೆರೆದಿಟ್ಟುಕೊಂಡೇ ಜನರ ಅಹವಾಲು ಕೇಳುತ್ತಿದ್ದರು. ಬಂದವರು ಹೋದ ಮೇಲೆ ಖಾನೆ ಮುಚ್ಚಿದ ಸದ್ದು ಕೇಳಿದರೆ ಆ ಕಡತ ಮುಂದಕ್ಕೆ ಹೋಗುತ್ತದೆ ಎಂದು ನಮಗೆ ತಿಳಿಯುತ್ತಿತ್ತು. ಸದ್ದು ಕೇಳದಿದ್ದರೆ, ನೋಡೋಣ. ಕುರ್ಚಿ ಕಂಪನಿಯ ಭಾವಮೈದ ಬಂದು ಹೋದ ದಿನ ಖಾನೆ ಮುಚ್ಚಿದ ರಭಸಕ್ಕೆ ಗೋಡೆ ಗಡಿಯಾರ ಅಲುಗಾಡಿತು.

ಸಾಹೇಬರನ್ನು ದೂರದ ಒಂದು ಉಪ್ಪಿನ ಉಗ್ರಾಣಕ್ಕೆ ವರ್ಗ ಮಾಡಿ ಆದೇಶ ಬಂದಿತ್ತು. ಅಲ್ಲಿ ಉಪ್ಪು ಬಿಟ್ಟರೆ ಬೇರೇನೂ ಇಲ್ಲ, ಅಹವಾಲು ಹೇಳಿಕೊಳ್ಳುವ ಜನರೂ ಇಲ್ಲ. ಸಾಹೇಬರು ಊಟ ಬಿಟ್ಟರು. ಕಚೇರಿಯವರಾದ ನಾವು ಮಾತ್ರ ಬಹಳ ದುಃಖದಿಂದ ಬೀಳ್ಕೊಡುಗೆಗೆ ಸಿದ್ಧತೆ ಮಾಡಿದೆವು. ದುಃಖ ಎಷ್ಟಿತ್ತೆಂದರೆ, ಆದೇಶ ಬಂದ ದಿನವೇ ಕೇಕಿಗೆ ಹೇಳಿಬಿಟ್ಟಿದ್ದೆವು.

ಹಿಂಬದಿಯ ಬೀದಿಯವರು ಆಕ್ಷೇಪಣೆ ಬರೆಯಲು ಕೂತರು. ಕ್ಷೌರದಂಗಡಿಯವನು, ಹೊಲಿಗೆ ಯಂತ್ರದ ಅಜ್ಜಿ, ಬೇಕರಿಯವನು, ಎಲ್ಲರೂ ಅಕ್ಕನ ಇಸ್ತ್ರಿ ಮೇಜಿನ ಸುತ್ತ ನಿಂತರು. ಮೂರು ಪದದಲ್ಲಿ ವಿಷಯ ಹೇಳುವುದು ಹೇಗೆ ಎಂದು ಬಹಳ ಹೊತ್ತು ಚರ್ಚೆ ನಡೆಯಿತು.

"'ನಮ್ಮ ನೀರು ಹಾಳಾಯ್ತು' ಅಂತ ಬರೀರಿ. ಮೂರೇ ಪದ" ಎಂದ ಬೇಕರಿಯವನು.

"ಅದು ನೀರಿನ ಇಲಾಖೆಗೆ ಹೋಗುತ್ತೆ ಕಣಪ್ಪ. ಅಲ್ಲಿ ಹೋದ ಕಾಗದ ಮುಳುಗಿಹೋಗುತ್ತೆ" ಎಂದಳು ಅಕ್ಕ. "ಇವರು ಕೇಳಿರೋದು ವರ್ಗಾವಣೆಗೆ ಆಕ್ಷೇಪಣೆ ಇದ್ಯಾ ಅಂತ. ನಾವೂ ಅದನ್ನೇ ಹೇಳೋಣ."

ಹೀಗೆ ಇಡೀ ಬೀದಿಯ ನಮೂನೆಗಳ ಮೇಲೆ ಒಂದೇ ಸಾಲು ಬಂತು: "ವರ್ಗಾವಣೆ ರದ್ದುಪಡಿಸುವ ಬಗ್ಗೆ." ಕೆಳಗೆ ಮಾತ್ರ ಅಕ್ಕ ಮನಸ್ಸು ಬಿಚ್ಚಿ ಬರೆದಳು: "ಇಷ್ಟು ವರ್ಷ ನಮ್ಮ ನಡುವೆ ಇದ್ದವರು ಈಗ ನಮ್ಮನ್ನು ಕೈಬಿಟ್ಟು ಹೋಗುತ್ತಿದ್ದಾರೆ. ದಯವಿಟ್ಟು ಹೋಗಲು ಬಿಡಬೇಡಿ."

ಟಪಾಲು ಕಿಟಕಿಯಲ್ಲಿ ಕೂರುವವರನ್ನು ನಾವು ಟಪಾಲಣ್ಣ ಎನ್ನುತ್ತೇವೆ. ನಿಷ್ಠಾವಂತ ಮನುಷ್ಯ. ವಿಷಯದ ಸಾಲು ಓದಿ ವಿಂಗಡಿಸುವುದು ಅವರ ಕರ್ತವ್ಯ, ಅದರ ಕೆಳಗಿನದನ್ನು ಓದುವುದನ್ನು ಅವರು ಪರರ ಕಾಗದ ಓದಿದಂತೆ ಎಂದು ಭಾವಿಸುತ್ತಾರೆ. ಅಂದು ಅವರ ಮುಂದೆ ರಾಶಿ ಬಿತ್ತು. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಸಾಹೇಬರ ವರ್ಗಾವಣೆಯ ಸುದ್ದಿಯೇ ಇದ್ದುದರಿಂದ ಅವರು ಆ ರಾಶಿಯನ್ನು ಎತ್ತಿ ಮೇಲಿನ ಮಹಡಿಗೆ ಕಳಿಸಿದರು. ಸಿಬ್ಬಂದಿ ವಿಭಾಗದ ಮೇಲ್ವಿಚಾರಕಿ ಮೊದಲ ನಮೂನೆ ಓದಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. "ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ" ಎಂದರಂತೆ. ಅದು ನಿಜವೇ, ಯಾರೂ ನೋಡಿಲ್ಲ.

ಕಾಗದದಿಂದ ಕೆಲಸವಾಗುತ್ತದೆಂಬ ನಂಬಿಕೆ ಸಾಲದೆ ಬೀದಿಯವರು ಮೆರವಣಿಗೆಯನ್ನೂ ಮಾಡಿದರು. ಆಸ್ಪತ್ರೆಯವರು ತಿರಸ್ಕರಿಸಿದ ಹಳದಿ ಹಾಸಿಗೆ ಬಟ್ಟೆಗಳು ಅಕ್ಕನ ಬಳಿ ರಾಶಿಯಾಗಿ ಬಿದ್ದಿದ್ದವು. ಅವುಗಳ ಮೇಲೆ ಬಟ್ಟೆಗೆ ಹಾಕುವ ನೀಲಿಯಿಂದ "ವರ್ಗಾವಣೆ ಬೇಡ!" ಎಂದು ದಪ್ಪಕ್ಷರದಲ್ಲಿ ಬರೆದು, ಎರಡು ಕೋಲುಗಳಿಗೆ ಕಟ್ಟಿ ಹಿಡಿದುಕೊಂಡು ಕಚೇರಿಯ ಮುಂದೆ ಬಂದು ನಿಂತರು. ಸಾಹೇಬರು ಖಾಲಿ ಹೊಟ್ಟೆಯಲ್ಲಿ ಬಾಲ್ಕನಿಗೆ ಬಂದರು. ಓದಿದರು. ಕಂಬ ಹಿಡಿದುಕೊಂಡರು.

"ನನಗೋಸ್ಕರ ಇಷ್ಟು ಜನಾನಾ?" ಎಂದು ನನ್ನನ್ನು ಕೇಳಿದರು.

ಪ್ರಕಟಣೆ ಬರೆಯುವುದು ನನ್ನ ಕೆಲಸ, ಬಾಯಿಂದ ತಿಳಿಸುವುದಲ್ಲ.

ಅವರು ಕೆಳಗಿಳಿದು ಜನರ ಮಧ್ಯೆ ಹೋದರು. "ಇಷ್ಟು ದಿನ ನಾನು ನಿಮಗೋಸ್ಕರ ಏನೂ ಮಾಡಲಿಲ್ಲ" ಎಂದರು.

"ಅದನ್ನೇ ಸಾರ್ ನಾವೂ ಹೇಳ್ತಿರೋದು! ಏನೂ ಮಾಡಿಲ್ಲ ನೀವು!" ಎಂದು ಕೂಗಿದ ಕ್ಷೌರದಂಗಡಿಯವನು.

"ಕೇಳಿದ್ರಾ?" ಸಾಹೇಬರು ನಮ್ಮ ಕಡೆ ತಿರುಗಿದರು. "ಏನೂ ಮಾಡದೇ ಇದ್ರೂ ಈ ಪ್ರೀತಿ! ಏನಾದ್ರೂ ಮಾಡಿದ್ದಿದ್ರೆ ಏನಾಗ್ತಿತ್ತೋ!"

"ಸಾರ್, ಸ್ವಲ್ಪ ನಮ್ಮ ಮಾತು ಕೇಳಿ. ನೀರು..." ಎಂದು ಅಕ್ಕ ಶುರುಮಾಡಿದಳು.

"ನೀರು ನನ್ನ ಕಣ್ಣಲ್ಲೂ ಬರ್ತಿದೆ ತಾಯಿ" ಎಂದರು ಸಾಹೇಬರು. ಅಷ್ಟು ಹೇಳಿ ಅಕ್ಕನ ಕೈಯಲ್ಲಿದ್ದ ಹಾಸಿಗೆ ಬಟ್ಟೆಯ ತುದಿಯಿಂದಲೇ ಕಣ್ಣೊರೆಸಿಕೊಂಡರು. ಆಮೇಲೆ ಎರಡು ದಿನ ಅವರ ಕಣ್ಣು ಕೆಂಪಗಿತ್ತು. ಅತ್ತಿದ್ದರಿಂದ ಎಂದು ಕಚೇರಿಯಲ್ಲಿ ತಿಳಿಯಲಾಯಿತು.

ವಾರದೊಳಗೆ ಎರಡು ಆದೇಶಗಳು ಹೊರಬಿದ್ದವು. ಮೇಲಿನ ಮಹಡಿಯದು ಹೀಗಿತ್ತು: "ಮುಖ್ಯಾಧಿಕಾರಿಗಳ ವರ್ಗಾವಣೆಯ ವಿರುದ್ಧ ಒಂದು ಇಡೀ ಬೀದಿಯೇ ಲಿಖಿತವಾಗಿಯೂ ಹಾಸಿಗೆ ಬಟ್ಟೆಗಳ ಮೂಲಕವೂ ಆಕ್ಷೇಪಿಸಿರುವುದನ್ನು ಗಮನಿಸಿ, ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ವರ್ಗಾವಣೆಯನ್ನು ರದ್ದುಪಡಿಸಲಾಗಿದೆ." ಕೆಳಗಿನ ಮಹಡಿಯದು ನನ್ನ ಕೈಬರಹ: "ಎಣ್ಣೆಬಾವಿಯ ಪರವಾನಗಿ ವರ್ಗಾವಣೆಯ ಬಗ್ಗೆ ನಿಗದಿತ ಅವಧಿಯಲ್ಲಿ ಈ ವಿಭಾಗಕ್ಕೆ ಒಂದೂ ಆಕ್ಷೇಪಣೆ ಬಾರದ ಕಾರಣ, ಸಾರ್ವಜನಿಕರಿಗೆ ಪೂರ್ಣ ಸಮ್ಮತಿ ಇದೆಯೆಂದು ಭಾವಿಸಿ ವರ್ಗಾಯಿಸಲಾಗಿದೆ." ಕೇಕು ಹೇಗೂ ಬಂದಿತ್ತು. ಅದರ ಮೇಲಿದ್ದ "ಹೋಗಿ ಬನ್ನಿ" ಎಂಬುದರಲ್ಲಿ "ಹೋಗಿ"ಯನ್ನು ಚಾಕುವಿನಿಂದ ಕೆರೆದು ಸಾಹೇಬರ ಮುಂದಿಟ್ಟೆವು.

ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ಹೆಂಡತಿ ಟೀ ಇಟ್ಟರೆ ಮುಟ್ಟಲಿಲ್ಲ.

"ಏನೋ ಇದು? ಬಾವಿ ಮುಚ್ಚಿ ಅಂತ ಬೊಬ್ಬೆ ಹೊಡೆದ್ರೆ ಆ ಮಹಾರಾಯನ್ನ ನಮ್ಮ ತಲೆ ಮೇಲೆ ಕೂರಿಸಿದ್ದೀರಲ್ಲೋ!"

"ಅಕ್ಕ, ಕಾನೂನು ಪ್ರಕಾರ..."

"ಕಾನೂನು ಇರಲಿ. ನಿನಗೆ ಗೊತ್ತಿರಲಿಲ್ವಾ ನಾವು ಯಾವ ವರ್ಗಾವಣೆ ಬೇಡ ಅಂದಿದ್ದು ಅಂತ?"

"ಗೊತ್ತಿತ್ತು. ಆದರೆ ಕಡತದಲ್ಲಿ ಇರಲಿಲ್ಲ."

ಅಕ್ಕ ನನ್ನನ್ನು ಒಂದು ಕ್ಷಣ ನೋಡಿದಳು. ಚಿಕ್ಕಂದಿನಲ್ಲಿ ನನ್ನ ಚಡ್ಡಿ ಒಗೆದು ಒಣಗಿಸಿ ಶಾಲೆಗೆ ಕಳಿಸುತ್ತಿದ್ದವಳು ಅವಳು. "ನಿನ್ನ ಒಗೆಯೋದ್ರಲ್ಲಿ ನಾನೇ ಎಲ್ಲೋ ಎಡವಿದೆ" ಎಂದು ಎದ್ದು ಹೋದಳು. ಹೆಂಡತಿ ಆ ದಿನ ನನ್ನೊಂದಿಗೆ ಮಾತಾಡಲಿಲ್ಲ. ಇದನ್ನು ನಾನು ಸಮ್ಮತಿಯೆಂದು ಭಾವಿಸಿದೆ.

ಬೀದಿಯವರು ಕೈಕಟ್ಟಿ ಕೂರಲಿಲ್ಲ. ಮೊದಲು ಈ ನೋಡೋಣ ಸಾಹೇಬರು ಹೋಗಬೇಕು, ಆಮೇಲೆ ಬರುವವರಾದರೂ ಕುರ್ಚಿ ಕಂಪನಿಯ ಕುತ್ತಿಗೆ ಪಟ್ಟಿ ಹಿಡಿಯಬಹುದು ಎಂಬುದು ಅವರ ಲೆಕ್ಕ. ಈ ಸಲ ಎಲ್ಲರೂ ಬೇರೆ ಬೇರೆ ಬರೆಯುವುದು ಬೇಡ, ಅಕ್ಕನ ಹೆಸರಿನಲ್ಲಿ ಒಂದೇ ಗಟ್ಟಿಯಾದ ಅರ್ಜಿ ಹೋಗಲಿ ಎಂದಾಯಿತು. ವಿಷಯದ ಸಾಲು: "ವರ್ಗಾವಣೆ ಮಾಡುವ ಬಗ್ಗೆ." ಕೆಳಗೆ: "ಸೋರುವುದೇ ಗುಣವಾಗಿರುವ, ಯಾರಿಗೂ ಪ್ರಯೋಜನಕ್ಕೆ ಬಾರದ, ನಮ್ಮ ಬೀದಿಯ ಆರೋಗ್ಯಕ್ಕೆ ಅಡ್ಡವಾಗಿ ನಿಂತಿರುವ ಈ ಪೀಡೆಯನ್ನು ಕೂಡಲೇ ವರ್ಗಾಯಿಸಿ ಪುಣ್ಯ ಕಟ್ಟಿಕೊಳ್ಳಿ." ಹೆಸರು ಹಾಕಿ ಬಯ್ಯುವುದು ಮರ್ಯಾದೆಯಲ್ಲ ಎಂದು ಹೊಲಿಗೆ ಅಜ್ಜಿ ಸಾಹೇಬರ ಹುದ್ದೆಯನ್ನು ಹೊಡೆದುಹಾಕಿಸಿದ್ದರು.

ಟಪಾಲಣ್ಣ ಅರ್ಜಿಯನ್ನು ಕೈಯಲ್ಲಿ ಹಿಡಿದು ಯೋಚಿಸಿದರು. ನಾನು ಪಕ್ಕದಲ್ಲೇ ಅಂಟು ತೆಗೆದುಕೊಳ್ಳಲು ನಿಂತಿದ್ದೆ.

"ಹೋದ ಸಲ ರಾಶಿ ರಾಶಿ ಮೇಲಿನವರಿಗೆ ಕೊಟ್ಟೆ" ಎಂದರು. "ಈ ಸಲವೂ ಅವರಿಗೇ ಕೊಟ್ರೆ ಕೆಳಗಿನವರು ಏನಂದುಕೊಳ್ಳಲ್ಲ? ಪಕ್ಷಪಾತ ನನಗೆ ಆಗಿಬರೋದಿಲ್ಲಪ್ಪ."

ಅರ್ಜಿ ನಮ್ಮ ವಿಭಾಗಕ್ಕೆ ಬಂತು. ಸಾರ್ವಜನಿಕರೇ ಮುಂದೆ ಬಂದು ಬಾವಿಯ ಪರವಾನಗಿಯನ್ನು ವರ್ಗಾಯಿಸಿ ಎಂದು ಕೇಳಿದ್ದು ಇಲಾಖೆಯ ಇತಿಹಾಸದಲ್ಲೇ ಮೊದಲು. ಸೋರುವ ಗುಣ, ಆರೋಗ್ಯಕ್ಕೆ ಅಡ್ಡ, ಎಲ್ಲ ವಿವರವೂ ಸರಿಯಾಗಿತ್ತು. ಯಾರಿಗೆ ವರ್ಗಾಯಿಸಬೇಕು ಎಂಬುದೊಂದು ಮಾತ್ರ ಇರಲಿಲ್ಲ. ಕಾಗದದ ಮೇಲೆ ಇದ್ದದ್ದು ಒಂದೇ ಹೆಸರು, ಅರ್ಜಿದಾರರದು. ಅರ್ಜಿದಾರರು ಕೇಳಿದ್ದನ್ನು ಅರ್ಜಿದಾರರಿಗೇ ಕೊಡುವುದು ಸಹಜ ನ್ಯಾಯ ಎಂದು ವಿಭಾಗದ ಮುಖ್ಯಸ್ಥರು ಷರಾ ಬರೆದರು. ಕುರ್ಚಿ ಕಂಪನಿಯ ಭಾವಮೈದನನ್ನು ಒಪ್ಪಿಗೆ ಇದೆಯೇ ಎಂದು ಕೇಳಲು ಕರೆಸಿದರೆ, ಪೆನ್ನು ಕೊಡುವ ಮೊದಲೇ ಸಹಿ ಮಾಡಿದ. ಸಂಜೆಯೊಳಗೆ ಕುರ್ಚಿಯನ್ನೂ ಎತ್ತಿಕೊಂಡು ಕೋಣೆ ಖಾಲಿ ಮಾಡಿದ.

ಹೀಗೆ ನಮ್ಮ ಅಕ್ಕ ಎಣ್ಣೆಬಾವಿಯ ಒಡತಿಯಾದಳು. ಸಾಹೇಬರೇ ಲಾಂಡ್ರಿಗೆ ಬಂದು ಪರವಾನಗಿಯನ್ನು ಕೈಗಿತ್ತು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಅವರು ನಗುತ್ತಿದ್ದಾರೆ. ಅಕ್ಕನ ಒಂದು ಕೈಯಲ್ಲಿ ಪರವಾನಗಿ, ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆ ಇದೆ. ಅವಳ ಕಣ್ಣು ಮಾತ್ರ ಇಸ್ತ್ರಿಪೆಟ್ಟಿಗೆಯಿಂದ ಸಾಹೇಬರ ತಲೆ ಎಷ್ಟು ದೂರವಿದೆ ಎಂದು ಅಳೆಯುತ್ತಿರುವಂತಿದೆ.

ಆದರೆ ಅಕ್ಕ ಪೆದ್ದಿಯಲ್ಲ. ಪರವಾನಗಿಯನ್ನು ತಿರುಗಿಸಿ ಮುರುಗಿಸಿ ಓದಿದಳು. ಮುಖದಲ್ಲಿ ನಿಧಾನವಾಗಿ ಬೆಳಕು ಬಂತು.

"ಬಾವಿ ಈಗ ನಂದು ತಾನೇ?" ಎಂದು ನನ್ನನ್ನು ಕೇಳಿದಳು.

"ಹೌದು."

"ಪರವಾನಗಿದಾರನೇ ಮುಚ್ಚಬೇಕು ಅಂತ ನಿಯಮ ಇದೆ ತಾನೇ?"

"ಮುಚ್ಚತಕ್ಕದ್ದು ಅಂತಿದೆ."

"ಹಾಗಾದ್ರೆ ನಾನೇ ಮುಚ್ಚಿಸ್ತೀನಿ ಕಣೋ! ಇಷ್ಟು ಸುಲಭ ಇತ್ತಾ ಇದು?"

ಬೀದಿಗೆ ಜೀವ ಬಂತು. ಬೇಕರಿಯವನು ಮನೆ ಕಟ್ಟಲು ತಂದಿಟ್ಟಿದ್ದ ಸಿಮೆಂಟು ಕೊಡುತ್ತೇನೆಂದ. ಕ್ಷೌರದಂಗಡಿಯವನ ಷಡ್ಡಕ ಬಾವಿ ಮುಚ್ಚುವ ಕೆಲಸ ಬಲ್ಲವನು, ಅವನು ತನ್ನ ಯಂತ್ರ ತರುತ್ತೇನೆಂದ. ಹೊಲಿಗೆ ಅಜ್ಜಿ ಪುಟ್ಟಿಯ ಮೊಣಕೈಗೆ ಮುಲಾಮು ಹಚ್ಚುತ್ತಾ, "ಇನ್ನೇನು ಕೂಸೇ, ನೀರು ತಿಳಿಯಾಗುತ್ತೆ" ಎಂದರು. ಅಕ್ಕ ಟಪಾಲು ಕಿಟಕಿಗೆ ಬಂದು ಅರ್ಜಿ ಕೊಟ್ಟಳು. ವಿಷಯ: "ಬಾವಿ ಮುಚ್ಚುವ ಬಗ್ಗೆ." ಇದರಲ್ಲಿ ವರ್ಗಾವಣೆಯ ಸೊಲ್ಲೇ ಇರಲಿಲ್ಲವಾದ್ದರಿಂದ ಟಪಾಲಣ್ಣ ನೇರ ನಮ್ಮ ವಿಭಾಗಕ್ಕೇ ಕಳಿಸಿದರು. ಬೀದಿಯ ಕಾಗದವೊಂದು ಸರಿಯಾದ ಮೇಜಿಗೆ ಸರಿಯಾಗಿ ಬಂದದ್ದು ಅದೊಂದೇ ಸಲ.

ಅದನ್ನು ಓದಿ ನಮ್ಮ ವಿಭಾಗದವರೆಲ್ಲ ಲೆಕ್ಕ ಹಾಕಿದೆವು. ಈ ಜಿಲ್ಲೆಯಲ್ಲಿ ಉಳಿದಿರುವ ಎಣ್ಣೆಬಾವಿ ಅದೊಂದೇ. ಬಾವಿ ಮುಚ್ಚಿದರೆ ಪರವಾನಗಿ ರದ್ದು. ಪರವಾನಗಿ ಇಲ್ಲವೆಂದರೆ ಪರವಾನಗಿ ವಿಭಾಗವಿಲ್ಲ. ವಿಭಾಗವಿಲ್ಲವೆಂದರೆ ನಮ್ಮನ್ನೆಲ್ಲ ಎಲ್ಲಿಗಾದರೂ ಕಳಿಸಲೇಬೇಕು. ಮೇಲಿನ ಮಹಡಿಯವರು ಆಗಲೇ ಖಾಲಿ ಹುದ್ದೆಗಳನ್ನು ಹುಡುಕಿಟ್ಟಿದ್ದರು. ಎಲ್ಲವೂ ಉಪ್ಪಿನ ಉಗ್ರಾಣದಲ್ಲಿದ್ದವು.

ಮರುದಿನ ಬೆಳಿಗ್ಗೆ ಪರವಾನಗಿ ವಿಭಾಗದ ನೌಕರರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಕೆಲಸ ನಿಂತದ್ದು ಒಂದೆರಡು ದಿನ ಯಾರ ಗಮನಕ್ಕೂ ಬರಲಿಲ್ಲವಾದ್ದರಿಂದ ಫಲಕಗಳು ಬೇಕಾದವು. ಹೊಸದಾಗಿ ಬರೆಸುವುದು ದುಂದು. ಅಕ್ಕನ ಲಾಂಡ್ರಿಯಲ್ಲಿ ಹಳೆಯವು ಇದ್ದವು. "ವರ್ಗಾವಣೆ ಬೇಡ!" ಒಂದಕ್ಷರವನ್ನೂ ತಿದ್ದಬೇಕಿರಲಿಲ್ಲ. ಅಕ್ಕನನ್ನು ಕೇಳಲು ನನ್ನನ್ನೇ ಕಳಿಸಿದರು, ಸ್ವಂತ ತಮ್ಮನಿಗೆ ಇಲ್ಲವೆನ್ನುವುದಿಲ್ಲ ಎಂದು.

ಅಕ್ಕ ಮೂಲೆಯಲ್ಲಿದ್ದ ಗಂಟು ತೋರಿಸಿದಳು. ನಾನು ಒಂದು ಹಾಸಿಗೆ ಬಟ್ಟೆ ಎತ್ತಿಕೊಂಡೆ. ಅದರ ನೀಲಿ ಅಕ್ಷರ ಅವಳದೇ.

"ನೀನೂ ಹಿಡ್ಕೊಂಡು ನಿಲ್ತೀಯಾ?" ಎಂದಳು.

"ವಿಭಾಗದ ನಿರ್ಣಯ ಅಕ್ಕ. ಎಲ್ಲರೂ ನಿಲ್ಲತಕ್ಕದ್ದು."

"ತಕ್ಕದ್ದು" ಎಂದಳು ಅವಳು. ಬಯ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಪುಟ್ಟಿ ಕೋಲಿನ ಇನ್ನೊಂದು ತುದಿ ಹಿಡಿದು ಬಾಗಿಲವರೆಗೆ ಬಂದು ಕೊಟ್ಟಳು.

ನಾವು ಬಾವಿಯ ಮುಂದೆಯೇ ಸಾಲಾಗಿ ನಿಂತು ಕೂಗಿದೆವು. ಅಭ್ಯಾಸವಿಲ್ಲದೆ ಮೊದಲು ದನಿ ಎತ್ತರಕ್ಕೆ ಹೋಗಲಿಲ್ಲ. ಕ್ಷೌರದಂಗಡಿಯವನಿಗೆ ನೋಡಲಾಗಲಿಲ್ಲ. "ಹಾಗಲ್ಲ ಸ್ವಾಮಿ, ಹೊಟ್ಟೆಯಿಂದ ಕೂಗಬೇಕು" ಎಂದು ಬಂದು ಹೇಳಿಕೊಟ್ಟ. ಸಾಹೇಬರು ಬಂದು ನಮ್ಮ ಅಹವಾಲು ಕೇಳಿ, ವರ್ಗಾವಣೆಯ ನೋವು ಏನೆಂದು ತಾನು ಬಲ್ಲೆ ಎಂದರು. ಜೀವನದಲ್ಲಿ ಮೊದಲ ಬಾರಿಗೆ "ನೋಡೋಣ" ಎನ್ನದೆ ಅಲ್ಲೇ ಆದೇಶ ಕೊಟ್ಟರು: "ಸಾರ್ವಜನಿಕರಿಂದ ತೀವ್ರ ವಿರೋಧ ಇರುವುದರಿಂದ ಬಾವಿ ಮುಚ್ಚುವ ಅರ್ಜಿಯನ್ನು ತಿರಸ್ಕರಿಸಲಾಗಿದೆ." ಸಾರ್ವಜನಿಕರೆಂದರೆ ನಾವು. ನೌಕರರು ಸಾರ್ವಜನಿಕರಲ್ಲವೆಂದು ಯಾವ ನಿಯಮದಲ್ಲೂ ಇಲ್ಲ.

ಇನ್ನು ಉಳಿದದ್ದು ಸೋರಿಕೆಯ ಹೊಣೆ. ಅದು ಪರವಾನಗಿದಾರರದು. ಅಕ್ಕನಿಗೆ ನೋಟಿಸು ಬರೆಯುವ ಕೆಲಸ ನನ್ನ ಮೇಜಿಗೆ ಬಂತು. "ತಮ್ಮ ಬಾವಿಯ ಸೋರಿಕೆಯಿಂದ ಪಕ್ಕದ ಲಾಂಡ್ರಿಯವರ ಬಟ್ಟೆಗಳು ಹಳದಿಯಾಗಿರುವುದಾಗಿ ಹಿಂದೆ ಅನೇಕ ದೂರುಗಳು ಬಂದಿದ್ದು, ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು?" ದೂರು ಕೊಟ್ಟ ಲಾಂಡ್ರಿಯವಳೂ ಅವಳೇ. ಅಕ್ಕ ಅದೇ ಕಾಗದದ ಹಿಂಬದಿಯಲ್ಲಿ ಉತ್ತರ ಬರೆದು ಕಳಿಸಿದಳು: "ಜರುಗಿಸಿ. ನಾನು ದೂರು ಕೊಟ್ಟು ಬಹಳ ಕಾಲವಾಯಿತು."

ಇದು ಇಲಾಖೆಯನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಕ್ರಮ ಜರುಗಿಸಿದರೆ ಪರವಾನಗಿ ರದ್ದಾಗುತ್ತದೆ, ಆಗ ಮತ್ತೆ ಉಪ್ಪು. ಜರುಗಿಸದಿದ್ದರೆ ನಿಯಮಭಂಗ. ಸಾಹೇಬರು ತಮ್ಮ ಕೋಣೆಯಲ್ಲಿ ಕೂತು ಯೋಚಿಸಿದರು. ಅವರ ಶರ್ಟುಗಳೂ ಈಗ ಅಕ್ಕನ ಲಾಂಡ್ರಿಗೇ ಹೋಗುತ್ತಿದ್ದವು, ತಮ್ಮನ್ನು ಉಳಿಸಿಕೊಂಡ ಬೀದಿಯೆಂಬ ಅಭಿಮಾನಕ್ಕೆ. ಅಂದು ಅವರು ತೊಟ್ಟಿದ್ದ ಶರ್ಟಿನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ಯಾವ ಬಣ್ಣ ಕಾಣುತ್ತೆ ನಿಮಗೆ?" ಎಂದು ನನ್ನನ್ನು ಕೇಳಿದರು.

"ತಾವು ಹೇಳಿದ ಹಾಗೆ ಸಾರ್."

"ಬರ್ಕೊಳ್ಳಿ ಹಾಗಾದ್ರೆ."

ನಾನು ಬರೆದ ಪ್ರಕಟಣೆಗಳಲ್ಲೆಲ್ಲ ಅತ್ಯಂತ ಚಿಕ್ಕದೂ ಅತ್ಯಂತ ಪರಿಣಾಮಕಾರಿಯೂ ಆದದ್ದು ಅದೇ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಹಿಂಬದಿಯ ಬೀದಿಯ ನೀರಿನಲ್ಲಿ ಒಗೆದಾಗ ಬರುವ ಬಣ್ಣವನ್ನು ಇನ್ನು ಮುಂದೆ ಬಿಳಿ ಎಂದು ಪರಿಗಣಿಸತಕ್ಕದ್ದು."

ಒಂದೇ ಏಟಿಗೆ ಎಲ್ಲರ ಕಷ್ಟವೂ ಕಳೆಯಿತು. ಬಟ್ಟೆ ಹಾಳಾಗಿಲ್ಲವಾದ್ದರಿಂದ ಅಕ್ಕನ ದೂರು ವಜಾ ಆಯಿತು, ದೂರು ಇಲ್ಲವಾದ್ದರಿಂದ ಅಕ್ಕನ ಮೇಲಿನ ನೋಟಿಸೂ ವಜಾ ಆಯಿತು. ಆಸ್ಪತ್ರೆಯವರು ಹಾಸಿಗೆ ಬಟ್ಟೆಗಳನ್ನು ಮತ್ತೆ ಅಕ್ಕನಿಗೇ ಕೊಡತೊಡಗಿದರು. ನಮ್ಮ ಕಚೇರಿಯ ಗೋಡೆಗೆ ಬಿಳಿ ಬಣ್ಣ ಬಳಿಸಿದರು, ಹೊಸ ನಿಯಮದ ಪ್ರಕಾರ. ಅಕ್ಕನ ಬೋರ್ಡು ಬದಲಾಯಿಸುವ ಅಗತ್ಯ ಬೀಳಲಿಲ್ಲ. ಬೀದಿಯವರು ಮೊದಲು ಒಂದಷ್ಟು ದಿನ ಗೊಣಗಿದರು. ಆಮೇಲೆ ಬೇಕರಿಯವನು ಆ ಸಿಮೆಂಟಿನಿಂದ ಮನೆಯ ಮೆಟ್ಟಿಲು ಮಾಡಿಸಿಕೊಂಡ. ಬಾವಿಯ ಬಿರಡೆಗೆ ಸುತ್ತಲು ಹೊಸ ಚಿಂದಿ ಬೇಕಾದಾಗ ನಮ್ಮ ಫಲಕಗಳಲ್ಲೇ ಒಂದನ್ನು ಹರಿದು ಸುತ್ತಿದರು. ಈಗ ಅಲ್ಲಿ "ಬೇಡ!" ಎಂಬುದಷ್ಟೇ ಕಾಣುತ್ತದೆ.

ಮೊನ್ನೆ ನನ್ನ ಹೆಂಡತಿ ಪರವೂರಿನ ತವರಿನಿಂದ ಬರುವಾಗ ಪುಟ್ಟಿಗೆಂದು ಹೊಸ ಸಮವಸ್ತ್ರ ತಂದಳು. ಅಲ್ಲಿನ ಅಂಗಡಿಯದು, ಕಣ್ಣು ಕುಕ್ಕುವಂತಿತ್ತು. ಪುಟ್ಟಿ ಅದನ್ನು ಹಾಕಿಕೊಂಡು ಕುಣಿಯುತ್ತಾ ಶಾಲೆಗೆ ಹೋದಳು, ಮಧ್ಯಾಹ್ನದ ಮೊದಲೇ ಅಳುತ್ತಾ ವಾಪಸು ಬಂದಳು. ನಾನು ಅಕ್ಕನ ಅಂಗಡಿಯಲ್ಲೇ ಶರ್ಟು ತೆಗೆದುಕೊಳ್ಳಲು ನಿಂತಿದ್ದೆ.

"ಏನಾಯ್ತೇ?" ಎಂದಳು ಅಕ್ಕ.

"ಟೀಚರು ಹೊರಗೆ ನಿಲ್ಲಿಸಿದ್ರು ಅಜ್ಜಿ. ಎಲ್ಲರೂ ಬಿಳಿ ಹಾಕ್ಕೊಂಡು ಬಂದಿದಾರೆ, ನೀನು ಇದ್ಯಾವ ಬಣ್ಣ ಹಾಕ್ಕೊಂಡು ಬಂದಿದೀಯಾ ಅಂದ್ರು."

ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಗೋಡೆಯ ಮೇಲೆ ನನ್ನ ಪ್ರಕಟಣೆ ಇತ್ತು.

ಅವಳು ಮಗುವಿನ ಅಂಗಿ ಬಿಚ್ಚಿಸಿ ಬಕೆಟ್ಟಿನಲ್ಲಿ ಅದ್ದಿದಳು. ಒಂದು ಸಲ ಸಾಲಲಿಲ್ಲ, ಇನ್ನೊಂದು ಸಲ ಅದ್ದಿದಳು. ಹಿಂಡಿ, ಕೊಡವಿ, ಹಸಿ ಇರುವಾಗಲೇ ಇಸ್ತ್ರಿ ಹಾಕಿದಳು. ಕೊನೆಗೆ ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಒಳ್ಳೆಯ ಕೆಲಸಗಾರ್ತಿ ನೋಡುವ ಹಾಗೆ.

ಪುಟ್ಟಿ ಕಣ್ಣೊರೆಸಿಕೊಂಡು ಅದನ್ನು ತೊಟ್ಟುಕೊಂಡಳು. ಮೊಣಕೈ ಕೆರೆದುಕೊಳ್ಳುತ್ತಾ ಕನ್ನಡಿಯಲ್ಲಿ ನೋಡಿಕೊಂಡಳು.

"ಈಗ ಬೆಳ್ಳಗಾಯ್ತು ಅಜ್ಜಿ" ಎಂದು ನಗುತ್ತಾ ಶಾಲೆಗೆ ಓಡಿದಳು.